ವೋಲ್ಟೇಜ್ ಇದೆ, ಗೇರ್ ಬೀಳ್ತಿಲ್ಲ

(ಹೊಸಪೇಟೆ, ಸಂಡೂರು ಭಾಗದ ಮೆಕ್ಯಾನಿಕ್‌ಗಳು, ಆಟೋ ಎಲೆಕ್ಟ್ರಿಷಿಯನ್‌ಗಳು ಮತ್ತು ಐಟಿಐ ವಿದ್ಯಾರ್ಥಿಗಳ ಎದುರು ಆಡಿದ ಮಾತುಗಳ ಬರಹ ರೂಪ. ಪ್ರಶ್ನೋತ್ತರದ ಕೆಲವು ಭಾಗಗಳನ್ನು ಕೊನೆಯಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಲೋಡರ್ ಮುಂದಕ್ಕೆ ಹೋಗ್ತಿಲ್ಲ ಅಂತ ದೂರು ಬಂದರೆ ಸೈಟಿನಲ್ಲಿ ಕೂಡಲೇ ಎರಡು ಪಕ್ಷಗಳಾಗುತ್ತವೆ. ಮೆಕ್ಯಾನಿಕ್ "ಇದು ಕರೆಂಟ್ ಪ್ರಾಬ್ಲಮ್" ಅನ್ನುತ್ತಾನೆ. ಎಲೆಕ್ಟ್ರಿಷಿಯನ್ ಸೊಲೆನಾಯ್ಡ್‌ನ (ಕರೆಂಟ್ ಬಂದಾಗ ಗೇರಿನ ವಾಲ್ವನ್ನು ಸರಿಸುವ ಕಾಯಿಲ್) ಕಪ್ಲರ್, ಅಂದರೆ ವೈರ್ ಜೋಡಿಸುವ ಪ್ಲಗ್ ಬಿಚ್ಚಿ, ಮೀಟರ್ ಹಾಕಿ, "24 ವೋಲ್ಟ್ ಬರ್ತಿದೆ ಸಾರ್, ನಂದು ಮುಗೀತು, ಗೇರ್‌ಬಾಕ್ಸ್ ಬಿಚ್ಚಿಸಿ" ಅನ್ನುತ್ತಾನೆ. ಬಿಚ್ಚುತ್ತಾರೆ. ಒಳಗೆ ಕ್ಲಚ್ ಪ್ಲೇಟ್‌ಗಳು ಚೆನ್ನಾಗಿಯೇ ಇರುತ್ತವೆ. ಹೊಸ ಸೀಲ್ ಹಾಕಿ ಜೋಡಿಸಿದ ಮೇಲೂ ಗಾಡಿ ಅಲ್ಲೇ ನಿಂತಿರುತ್ತದೆ. ಆಮೇಲೆ ಇಸಿಎಂ, ಅಂದರೆ ಗಾಡಿಯ ಕಂಟ್ರೋಲ್ ಕಂಪ್ಯೂಟರ್, ಬದಲಾಯಿಸುವ ಮಾತು ಶುರುವಾಗುತ್ತದೆ.

ನಾನು ಇವತ್ತು ಮಾತಾಡಬೇಕು ಅಂದುಕೊಂಡಿರುವುದು ಆ "24 ವೋಲ್ಟ್ ಬರ್ತಿದೆ" ಎಂಬ ವಾಕ್ಯದ ಬಗ್ಗೆ. ಕಪ್ಲರ್ ಬಿಚ್ಚಿ ಅಳೆದ ವೋಲ್ಟೇಜಿನಿಂದ ತಿಳಿಯುವುದು ತುಂಬ ಕಡಿಮೆ. ಕೆಲಸ ಮಾಡುವಾಗ ಕೈಕೊಡುವ ಸರ್ಕ್ಯೂಟನ್ನು ಕೆಲಸ ಮಾಡಿಸುತ್ತಲೇ ಅಳೆಯಬೇಕು. ಬಿಸಿಯಲ್ಲಿ ಕೈಕೊಟ್ಟರೆ ಬಿಸಿಯಲ್ಲಿ, ತಿರುಗುವಾಗ ಕೈಕೊಟ್ಟರೆ ತಿರುಗಿಸುತ್ತಾ.

ಮೊದಲು ಯಾವ ಗಾಡಿ ಅನ್ನುವುದು ಸ್ಪಷ್ಟವಾಗಲಿ. ಚೈನ್ ಎಕ್ಸ್‌ಕವೇಟರಿಗೆ ನಾವು ಹೇಳುವ ಅರ್ಥದ ಗೇರ್‌ಬಾಕ್ಸ್ ಇಲ್ಲ, ಅದನ್ನು ಓಡಿಸುವುದು ಹೈಡ್ರಾಲಿಕ್ ಟ್ರಾವೆಲ್ ಮೋಟರ್. ಇವತ್ತಿನ ಮಾತು ವೀಲ್ ಲೋಡರ್, ಗ್ರೇಡರ್, ಡಂಪರ್, ಡೋಜರ್‌ಗಳಲ್ಲಿರುವ ಪವರ್‌ಶಿಫ್ಟ್ ಗೇರ್‌ಬಾಕ್ಸಿನದು, ಅಂದರೆ ಆಯಿಲ್ ಪ್ರೆಶರಿನಿಂದ ಕ್ಲಚ್ ಹಿಡಿದು ಗೇರ್ ಬದಲಾಯಿಸುವಂಥದ್ದು. ನಮಗೆ ಈ ಗಾಡಿಗಳು ಹೊಸವಲ್ಲ. 1964ರಲ್ಲಿ ಶುರುವಾದ ಭಾರಿ ಯಂತ್ರಗಳ ಕಂಪನಿ ಬಿಇಎಂಎಲ್ ಕೆಜಿಎಫ್‌ನಲ್ಲಿ ಡೋಜರ್, ಲೋಡರ್‌ಗಳನ್ನೂ ಮೈಸೂರಿನಲ್ಲಿ ಡಂಪರ್, ಗ್ರೇಡರ್‌ಗಳನ್ನೂ ಮಾಡುತ್ತಾ ಬಂದಿದೆ. ಈ ಭಾಗದ ಅದಿರಿನ ಗಣಿಗಳಲ್ಲಿ ಇಂಥ ಯಂತ್ರದ ಮೇಲೆ ಕೈ ಪಳಗಿಸಿಕೊಂಡವರು ಇಲ್ಲಿ ಎಷ್ಟೋ ಮಂದಿ ಇದ್ದೀರಿ. ಹಳೆಯ ಗಾಡಿಯಲ್ಲಿ ಲಿವರಿಗೂ ವಾಲ್ವಿಗೂ ನಡುವೆ ರಾಡ್ ಅಥವಾ ಕೇಬಲ್ ಇತ್ತು. ಈಗ ಅಲ್ಲಿ ವೈರ್ ಇದೆ. ಕೇಬಲ್ ಸವೆದರೆ ಕಣ್ಣಿಗೆ ಕಾಣುತ್ತಿತ್ತು, ವೈರಿನ ಒಳಗೆ ಏನಾಗಿದೆಯೆಂದು ಕಾಣುವುದಿಲ್ಲ. ತೊಂದರೆ ಇಷ್ಟೇ.

ಲಿವರ್ ಮುಂದಕ್ಕೆ ತಳ್ಳಿದಾಗ ಏನಾಗುತ್ತದೆ? ಲಿವರ್ ಒಳಗಿನ ಸ್ವಿಚ್‌ಗಳು ಇಸಿಎಂಗೆ ಸಿಗ್ನಲ್ ಕೊಡುತ್ತವೆ. ಇಸಿಎಂ ಸುಮ್ಮನೆ ಪಾಲಿಸುವುದಿಲ್ಲ, ಕೆಲವು ವಿಷಯ ಕೇಳುತ್ತದೆ. ಪಾರ್ಕಿಂಗ್ ಬ್ರೇಕ್ ಬಿಟ್ಟಿದೆಯಾ, ಎಡಗಾಲಿನ ಡಿ-ಕ್ಲಚ್ ಪೆಡಲ್ (ಒತ್ತಿದರೆ ಗೇರ್ ಬಿಡಿಸುವಂಥದ್ದು) ಒತ್ತಿದೆಯಾ, ಗಾಡಿಯ ವೇಗ ಎಷ್ಟು, ಸ್ಟಾರ್ಟ್ ಆದ ಮೇಲೆ ಲಿವರ್ ಒಮ್ಮೆಯಾದರೂ ನ್ಯೂಟ್ರಲ್‌ಗೆ ಬಂದಿತ್ತಾ. ಎಲ್ಲ ಸರಿಯಿದ್ದರೆ ಸಂಬಂಧಪಟ್ಟ ಸೊಲೆನಾಯ್ಡ್‌ಗಳಿಗೆ ಕರೆಂಟ್ ಬಿಡುತ್ತದೆ. ಸೊಲೆನಾಯ್ಡ್ ವಾಲ್ವನ್ನು ಸರಿಸುತ್ತದೆ, ಆಯಿಲ್ ಕ್ಲಚ್ ಪ್ಯಾಕ್ ಒಳಗೆ ನುಗ್ಗಿ ಪ್ಲೇಟ್‌ಗಳನ್ನು ಒತ್ತಿ ಹಿಡಿಯುತ್ತದೆ. ಎಷ್ಟೋ ಲೋಡರ್‌ಗಳಲ್ಲಿ ಆ ಆಯಿಲ್ ಪ್ರೆಶರ್ 15ರಿಂದ 20 ಬಾರ್ ಆಸುಪಾಸು. ನಿಮ್ಮ ಗಾಡಿಯದು ಎಷ್ಟು ಅಂತ ಮ್ಯಾನ್ಯುಯಲ್ ನೋಡಿಕೊಳ್ಳಿ.

ಆದ್ದರಿಂದ ಸ್ಪ್ಯಾನರ್ ಹಿಡಿಯುವ ಮುಂಚೆ ಆಪರೇಟರ್ ಜೊತೆ ಕೂತು ಮಾತಾಡಿ. ನನ್ನ ಅನುಭವದಲ್ಲಿ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. "ಗಾಡಿ ಎಳೀತಿಲ್ಲ" ಅನ್ನುವುದು ದೂರೇ ಅಲ್ಲ. ಯಾವ ಗೇರಿನಲ್ಲಿ? ಮುಂದಕ್ಕೆ ಮಾತ್ರವೋ, ಹಿಂದಕ್ಕೂ ಹೀಗೆಯೋ? ಬೆಳಿಗ್ಗೆ ಸರಿ ಇತ್ತಾ? ನಿನ್ನೆ ವಾಷಿಂಗ್ ಮಾಡಿದ್ರಾ? ಎಲ್ಲಾದರೂ ವೆಲ್ಡಿಂಗ್ ಆಯ್ತಾ? ಈ ಕೊನೆಯ ಎರಡು ಪ್ರಶ್ನೆಗಳಿಗೆ ಮೊದಲು "ಇಲ್ಲ ಸಾರ್" ಅಂತಲೇ ಉತ್ತರ ಬರುತ್ತದೆ. ಟೀ ಕುಡಿದ ಮೇಲೆ ಇನ್ನೊಮ್ಮೆ ಕೇಳಿ.

ಯಾವ ಗೇರ್ ಅನ್ನುವ ಪ್ರಶ್ನೆ ಯಾಕೆ ಮುಖ್ಯ ಅಂದರೆ, ಪವರ್‌ಶಿಫ್ಟ್‌ನಲ್ಲಿ ಸಾಮಾನ್ಯವಾಗಿ ಏಕಕಾಲಕ್ಕೆ ಎರಡು ಕ್ಲಚ್ ಹಿಡಿಯಬೇಕು. ಒಂದು ದಿಕ್ಕಿನದು, ಇನ್ನೊಂದು ವೇಗದ್ದು. ಒಂದರಿಂದ ನಾಲ್ಕರವರೆಗೆ ಯಾವ ಗೇರಿನಲ್ಲೂ ಮುಂದಕ್ಕೆ ಹೋಗುತ್ತಿಲ್ಲ, ರಿವರ್ಸ್ ಮಾತ್ರ ಸರಿ ಇದೆ ಅಂದರೆ ಫಾರ್ವರ್ಡ್ ಕ್ಲಚ್ಚಿನ ದಾರಿಯನ್ನೇ ಹುಡುಕಬೇಕು. ಎರಡೂ ದಿಕ್ಕಿನಲ್ಲಿ ಎರಡನೇ ಗೇರ್ ಮಾತ್ರ ಇಲ್ಲ ಅಂದರೆ ಎರಡನೇ ಗೇರಿನ ಕ್ಲಚ್ಚಿನದು. ಯಾವುದೂ ಇಲ್ಲ ಅಂದರೆ ಎಲ್ಲಕ್ಕೂ ಸೇರಿದ ಒಂದು ಜಾಗ ಹಾಳಾಗಿದೆ. ಅದು ಫ್ಯೂಸ್ ಇರಬಹುದು, ಬಾಡಿ ಅರ್ತ್ (ಕರೆಂಟ್ ಚಾಸಿಯ ಮೂಲಕ ಬ್ಯಾಟರಿಗೆ ಮರಳುವ ಜೋಡಣೆ) ಇರಬಹುದು, ಪಂಪಿನ ಮೇನ್ ಪ್ರೆಶರ್ ಇರಬಹುದು, ಇಸಿಎಂ ಕೇಳುವ ಪ್ರಶ್ನೆಗಳಲ್ಲಿ ಒಂದಕ್ಕೆ ಉತ್ತರ ಸಿಗದೆ ಇರಬಹುದು. ಯಾವ ಗೇರಿಗೆ ಯಾವ ಸೊಲೆನಾಯ್ಡ್‌ಗಳು ಆನ್ ಆಗಬೇಕು ಅನ್ನುವ ಚಾರ್ಟ್ ಪ್ರತಿ ಗಾಡಿಯ ಸರ್ವೀಸ್ ಮ್ಯಾನ್ಯುಯಲ್‌ನಲ್ಲಿದೆ. ಕೆಲವು ಗೇರ್‌ಬಾಕ್ಸ್‌ಗಳಲ್ಲಿ ಒಂದೇ ಸೊಲೆನಾಯ್ಡ್ ಎರಡು ಮೂರು ಗೇರಿಗೆ ದುಡಿಯುತ್ತದೆ, ಹಾಗಾಗಿ ಊಹೆ ಬೇಡ. ಆ ಒಂದು ಪುಟವನ್ನು ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ.

ಕೆಟ್ಟಿಲ್ಲದೆಯೂ ಕೆಟ್ಟಂತೆ ಕಾಣುವ ಸಂದರ್ಭಗಳು ಬಹಳ. ಪಾರ್ಕಿಂಗ್ ಬ್ರೇಕಿನ ಪ್ರೆಶರ್ ಸ್ವಿಚ್ ಸಿಕ್ಕಿಕೊಂಡರೆ, ಬ್ರೇಕ್ ಬಿಟ್ಟಿದ್ದರೂ ಇಸಿಎಂ ಪಾಲಿಗೆ ಬ್ರೇಕ್ ಹಾಕಿಯೇ ಇದೆ. ಅದು ಗೇರ್ ಕೊಡುವುದಿಲ್ಲ, ಕೊಡಲೂಬಾರದು. ಡಿ-ಕ್ಲಚ್ ಪೆಡಲಿನ ಕೆಳಗೆ ಮಣ್ಣು ಗಟ್ಟಿಯಾಗಿ ಕೂತು ಸ್ವಿಚ್ ಅರ್ಧ ಒತ್ತಿಕೊಂಡಿದ್ದರೂ ಇದೇ ಕಥೆ. ಇಂಥ ಕಡೆ ಸೊಲೆನಾಯ್ಡಿಗೆ ಕರೆಂಟೇ ಹೋಗಿರುವುದಿಲ್ಲ, ಗೇರ್‌ಬಾಕ್ಸಿನ ಹತ್ತಿರ ಹೋಗುವ ಅಗತ್ಯವೇ ಇಲ್ಲ.

ಇನ್ನು ಅಳತೆ. ಒಂದು ಆನ್-ಆಫ್ ಸೊಲೆನಾಯ್ಡ್ ತೆಗೆದುಕೊಳ್ಳೋಣ, ಲೆಕ್ಕ ಸುಲಭವಾಗಲಿ ಅಂತ ಕಾಯಿಲ್ 24 ಓಮ್ ಅಂದುಕೊಳ್ಳಿ. 24 ವೋಲ್ಟ್ ಕೊಟ್ಟರೆ 1 ಆಂಪಿಯರ್ ಹರಿಯುತ್ತದೆ. ಈಗ ದಾರಿಯಲ್ಲಿ ಎಲ್ಲೋ ಒಂದು ಪಿನ್ನು ಹಸಿರು ಕಿಲುಬು ಹಿಡಿದು 8 ಓಮ್ ಆಗಿದೆ. ಕಪ್ಲರ್ ಬಿಚ್ಚಿ ಮೀಟರ್ ಹಾಕಿದರೆ ಎಷ್ಟು ತೋರಿಸುತ್ತದೆ? 24 ವೋಲ್ಟೇ. ಒಳ್ಳೆಯ ಡಿಜಿಟಲ್ ಮೀಟರಿನ ಒಳಗಿನ ರೆಸಿಸ್ಟೆನ್ಸ್ ಸುಮಾರು 1 ಕೋಟಿ ಓಮ್. ಅದರ ಎದುರು ಈ 8 ಓಮ್ ಲೆಕ್ಕಕ್ಕೇ ಬರುವುದಿಲ್ಲ. ಕಪ್ಲರ್ ಮತ್ತೆ ಹಾಕಿ ಗೇರ್ ಹಾಕಿದಾಗ ಒಟ್ಟು 32 ಓಮ್, ಕರೆಂಟ್ 0.75 ಆಂಪಿಯರ್, ಕಾಯಿಲಿಗೆ ಸಿಗುವುದು 18 ವೋಲ್ಟ್. ಉಳಿದ 6 ವೋಲ್ಟ್ ಆ ಪಿನ್ನಿನಲ್ಲಿ ಕಳೆದುಹೋಗುತ್ತದೆ, ಅಂದರೆ ಅಲ್ಲಿ ನಾಲ್ಕೂವರೆ ವ್ಯಾಟ್ ಶಾಖ. ಸಣ್ಣ ಪಿನ್ನಿಗೆ ಅದು ಕಡಿಮೆಯಲ್ಲ. ಕಪ್ಲರಿನ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದ್ದನ್ನು ನೋಡಿರುತ್ತೀರಲ್ಲ, ಅದಕ್ಕೆ ಕಾರಣ ಇದೇ.

ಹೈಡ್ರಾಲಿಕ್ ಬಲ್ಲವರಿಗೆ ಇದು ಗೊತ್ತಿರುವ ವಿಷಯವೇ. ಲೈನಿನ ತುದಿ ಮುಚ್ಚಿ ಗೇಜ್ ಹಾಕಿದರೆ, ಮುಕ್ಕಾಲು ಕಟ್ಟಿಕೊಂಡ ಫಿಲ್ಟರಿನ ಆಚೆಗೂ ಪೂರ್ತಿ ಪ್ರೆಶರ್ ತೋರಿಸುತ್ತದೆ. ಆಯಿಲ್ ಹರಿಯಲು ಬಿಟ್ಟಾಗಲೇ ಸತ್ಯ ಹೊರಗೆ ಬರುವುದು. ಗೇಜಿನ ಬಗ್ಗೆ ಇಷ್ಟು ಎಚ್ಚರ ಇರುವ ಅದೇ ಮೆಕ್ಯಾನಿಕ್, ಮೀಟರ್ ಕೈಗೆ ಬಂದ ಕೂಡಲೇ ನಂಬಿಬಿಡುತ್ತಾನೆ.

ಇದಕ್ಕೆ ಬಿಸಿಲೂ ಬಿಸಿ ಆಯಿಲೂ ಸೇರಿಕೊಂಡರೆ? ತಾಮ್ರದ ರೆಸಿಸ್ಟೆನ್ಸ್ ಒಂದೊಂದು ಡಿಗ್ರಿಗೆ ಸುಮಾರು 0.39 ಶೇಕಡಾ ಏರುತ್ತದೆ. 20 ಡಿಗ್ರಿಯಲ್ಲಿ 24 ಓಮ್ ಇದ್ದ ಕಾಯಿಲ್ 90 ಡಿಗ್ರಿಯಲ್ಲಿ ಹೆಚ್ಚುಕಡಿಮೆ 30.6 ಓಮ್. ಸರ್ಕ್ಯೂಟ್ ಚೆನ್ನಾಗಿದ್ದರೂ ಕರೆಂಟ್ 0.78ಕ್ಕೆ ಇಳಿಯುತ್ತದೆ, ತಯಾರಕರು ಅದನ್ನು ಲೆಕ್ಕ ಹಿಡಿದೇ ಮಾಡಿರುತ್ತಾರೆ. ಆದರೆ ಆ ಕಿಲುಬಿನ 8 ಓಮ್ ಕೂಡಿಸಿ ನೋಡಿ, 0.62. ಸೊಲೆನಾಯ್ಡ್ ಎಳೆಯುವ ಬಲ ಹೆಚ್ಚುಕಡಿಮೆ ಕರೆಂಟಿನ ವರ್ಗಕ್ಕೆ ತಕ್ಕಂತೆ ಇಳಿಯುವುದರಿಂದ, 1 ಆಂಪಿಯರಿಗೆ ಇದ್ದ ಬಲದ ನೂರಕ್ಕೆ ನಲವತ್ತರಷ್ಟೂ ಉಳಿಯುವುದಿಲ್ಲ. ಬೆಳಿಗ್ಗೆ ಏಳಕ್ಕೆ ಚಂದವಾಗಿ ಓಡುವ ಗಾಡಿ ಮಧ್ಯಾಹ್ನ ನಿಲ್ಲುವುದು ಹೀಗೆ. ಊಟ ಮುಗಿಸಿ ಬರುವಷ್ಟರಲ್ಲಿ ಸ್ವಲ್ಪ ಆರಿ ಮತ್ತೆ ಓಡುತ್ತದೆ. "ಬಿಸಿ ಆದ್ರೆ ಸ್ಲಿಪ್ ಆಗ್ತಿದೆ, ಕ್ಲಚ್ ಹೋಗಿದೆ" ಅಂತ ತೀರ್ಮಾನ ಮಾಡುವ ಮುಂಚೆ ಈ ಲೆಕ್ಕ ನೆನಪಿರಲಿ. ಆಯಿಲ್ ಬಿಸಿಯಾದಾಗ ಸೀಲ್ ಸೋರಿ ಸ್ಲಿಪ್ ಆಗುವುದೂ ಇದೆ, ಅದನ್ನು ಅಲ್ಲಗಳೆಯುವುದಿಲ್ಲ. ಯಾವುದು ಅಂತ ಬೇರ್ಪಡಿಸಲು ಟೆಸ್ಟ್ ಪೋರ್ಟಿಗೆ ಗೇಜ್, ಕಾಯಿಲಿಗೆ ಮೀಟರ್, ಎರಡನ್ನೂ ಒಟ್ಟಿಗೆ ಹಾಕಿ. ಕಾಯಿಲಿಗೆ ಸರಿಯಾದ ಕರೆಂಟ್ ಸಿಕ್ಕಿಯೂ ಕ್ಲಚ್ ಪ್ರೆಶರ್ ಬಾರದಿದ್ದರೆ ತೊಂದರೆ ಕರೆಂಟಿನದಲ್ಲ, ಆಯಿಲ್ ಕಡೆಯದು, ಎಲೆಕ್ಟ್ರಿಷಿಯನ್ ಮನೆಗೆ ಹೋಗಬಹುದು.

ಅಳೆಯುವ ಕ್ರಮ ಸರಳ. ಕಪ್ಲರ್ ಹಾಕಿಯೇ ಇರಲಿ, ಹಿಂಭಾಗದಿಂದ ತೆಳುವಾದ ಪ್ರೋಬ್ ತೂರಿಸಿ. ಇಂಜಿನ್ ಆಫ್, ಕೀ ಆನ್, ಗೇರ್ ಹಾಕಿ. ಎಷ್ಟೋ ಗಾಡಿಗಳಲ್ಲಿ ಇಷ್ಟಕ್ಕೇ ಸೊಲೆನಾಯ್ಡ್ ಆನ್ ಆಗುತ್ತದೆ. ಕಾಯಿಲಿನ ಎರಡೂ ತುದಿಗಳ ನಡುವೆ ವೋಲ್ಟೇಜ್ ನೋಡಿ. ಕಡಿಮೆ ಇದ್ದರೆ ಕಳೆದುಹೋದ ವೋಲ್ಟೇಜನ್ನು ಹುಡುಕಿಕೊಂಡು ಹೋಗಬೇಕು. ಬ್ಯಾಟರಿಯ ಪಾಸಿಟಿವ್‌ನಿಂದ ಕಾಯಿಲಿನ ಪಾಸಿಟಿವ್ ತನಕ ಒಂದು ಅಳತೆ, ಕಾಯಿಲಿನ ನೆಗೆಟಿವ್‌ನಿಂದ ಬ್ಯಾಟರಿಯ ನೆಗೆಟಿವ್ ತನಕ ಇನ್ನೊಂದು. ಎಲ್ಲಿ ಹೆಚ್ಚು ಕಾಣುತ್ತದೋ ಆ ಅರ್ಧವನ್ನು ಮತ್ತೆ ಎರಡು ಭಾಗ ಮಾಡಿ. ವೈರಿನ ಸಿಪ್ಪೆಗೆ ಸೂಜಿ ಚುಚ್ಚಿ ನೋಡುವ ಅಭ್ಯಾಸ ಬಿಡಿ. ಇವತ್ತು ಚುಚ್ಚಿದ ತೂತಿನಲ್ಲಿ ಮುಂದಿನ ಮಳೆಗಾಲಕ್ಕೆ ನೀರು ಇಳಿದಿರುತ್ತದೆ.

ನೆಗೆಟಿವ್ ಕಡೆ ಅಳೆಯುವವರೇ ಕಡಿಮೆ. ಚಾಸಿಗೆ ಬೋಲ್ಟ್ ಮಾಡಿದ ಅರ್ತ್ ಲಗ್ಗಿನ ಕೆಳಗೆ ಪೇಂಟ್, ತುಕ್ಕು, ಅದರ ಮೇಲೆ ನಮ್ಮ ಕೆಂಪು ಧೂಳು. ಆ ಧೂಳು ತೇವವನ್ನು ಹಿಡಿದಿಟ್ಟುಕೊಂಡು ತುಕ್ಕನ್ನು ಬೆಳೆಸುತ್ತದೆ. ಅರ್ತ್ ಜಾಯಿಂಟ್‌ನಲ್ಲಿ ಲೋಡ್ ಇರುವಾಗ ಒಂದು ವೋಲ್ಟಿನ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ಕಳೆಯುತ್ತಿದ್ದರೆ ನಾನಂತೂ ಬಿಚ್ಚಿ ಉಜ್ಜುತ್ತೇನೆ. ಒಂದು ಅರ್ತ್ ಬೋಲ್ಟನ್ನು ಹಲವು ಸರ್ಕ್ಯೂಟ್‌ಗಳು ಹಂಚಿಕೊಂಡಿದ್ದರೆ ಲಕ್ಷಣಗಳು ವಿಚಿತ್ರವಾಗಿರುತ್ತವೆ. ವರ್ಕ್ ಲೈಟ್ ಹಾಕಿದಾಗ ಗೇರ್ ಬಿಡುತ್ತದೆ ಅಂತ ಆಪರೇಟರ್ ಹೇಳಿದರೆ ನಗಬೇಡಿ, ಅವನು ಅರ್ತ್ ಎಲ್ಲಿ ಹೋಗಿದೆ ಅಂತ ಹೇಳುತ್ತಿದ್ದಾನೆ.

ಟೆಸ್ಟ್ ಲ್ಯಾಂಪನ್ನು ಈಗಿನವರು ಹಳೇ ಕಾಲದ್ದು ಅಂತ ಬದಿಗಿಡುತ್ತಾರೆ. 24 ವೋಲ್ಟ್, 21 ವ್ಯಾಟಿನ ಬಲ್ಬ್ ಸುಮಾರು 0.9 ಆಂಪಿಯರ್ ಎಳೆಯುತ್ತದೆ. ಮೀಟರಿಗೆ ಕಾಣದ ಆ 8 ಓಮ್, ಬಲ್ಬ್ ಹಾಕಿದರೆ ಮಂಕು ಬೆಳಕಾಗಿ ಕಣ್ಣಿಗೇ ಕಾಣುತ್ತದೆ. ಇಸಿಎಂನ ಕಪ್ಲರ್ ಬಿಚ್ಚಿ ಅದರ ಸಪ್ಲೈ ಪಿನ್ನಿಗೂ ಅರ್ತ್ ಪಿನ್ನಿಗೂ ನಡುವೆ ಬಲ್ಬ್ ಹಾಕುವುದು ಒಳ್ಳೆಯ ಪರೀಕ್ಷೆ, ಪಿನ್ನಿಗೆ ಒಪ್ಪುವ ಪ್ರೋಬ್ ಬಳಸಿ. ಇಸಿಎಂನ ಔಟ್‌ಪುಟ್‌ಗಾಗಲಿ ಸೆನ್ಸರ್ ವೈರಿಗಾಗಲಿ ಮಾತ್ರ ಬಲ್ಬ್ ತೋರಿಸಬೇಡಿ. ತಣ್ಣಗಿರುವ ಫಿಲಮೆಂಟ್ ಮೊದಲ ಕ್ಷಣದಲ್ಲಿ ಹಲವು ಪಟ್ಟು ಕರೆಂಟ್ ಎಳೆಯುತ್ತದೆ, ಒಳಗಿನ ಡ್ರೈವರ್ ಸುಟ್ಟರೆ ನೀವೇ ಹೊಸ ಇಸಿಎಂ ತರಬೇಕು.

ಈಗಿನ ಹಲವು ಗಾಡಿಗಳಲ್ಲಿರುವ ಪ್ರಪೋರ್ಷನಲ್ ಸೊಲೆನಾಯ್ಡ್ ಬೇರೆ ಜಾತಿ. ಇಸಿಎಂ ಅದಕ್ಕೆ ಕರೆಂಟನ್ನು ಕ್ಷಣಕ್ಷಣವೂ ಆನ್-ಆಫ್ ಮಾಡುತ್ತಾ ಹಿತಮಿತವಾಗಿ ಬಿಡುತ್ತದೆ. ಮೀಟರಿನಲ್ಲಿ 8 ವೋಲ್ಟೋ 11 ವೋಲ್ಟೋ ಕಂಡರೆ ಅದು ಸರಾಸರಿ ಮಾತ್ರ, ಗಾಬರಿ ಬೇಡ. ಅಲ್ಲಿ ವೋಲ್ಟ್ ಬಿಟ್ಟು ಆಂಪಿಯರ್ ನೋಡಬೇಕು.

ಬಂದು ಹೋಗುವ ದೋಷವೇ ಎಲ್ಲಕ್ಕಿಂತ ಕಾಟ ಕೊಡುವುದು. ವೀಲ್ ಲೋಡರಿನ ಚಾಸಿ ನಡುವೆ ಮುರಿದಂತೆ ತಿರುಗುತ್ತದೆ, ಆ ಸೆಂಟರ್ ಹಿಂಜಿನ ಮೂಲಕ ಹಾಯುವ ವೈರ್ ಹಾರ್ನೆಸ್ ಪ್ರತಿ ತಿರುವಿನಲ್ಲೂ ಬಾಗುತ್ತದೆ, ಉಜ್ಜುತ್ತದೆ. ಸಿಪ್ಪೆ ಹೊರಗೆ ಚೆನ್ನಾಗಿಯೇ ಇರುತ್ತದೆ, ಒಳಗೆ ತಂತಿಯ ಎಳೆಗಳು ಒಂದೊಂದಾಗಿ ಕಡಿದಿರುತ್ತವೆ. ಒಂದೇ ಎಳೆ ಉಳಿದಿದ್ದರೂ ಕಂಟಿನ್ಯುಟಿ ಬಜರ್ ಕೂಗುತ್ತದೆ, ಸೊಲೆನಾಯ್ಡ್ ಕೂಡ ನಡೆಯುತ್ತದೆ. ಆ ಕೊನೆಯ ಎಳೆಯೂ ಕಡಿದ ಮೇಲೆ ತುದಿಗಳು ತಗಲಿದಾಗ ಗೇರ್ ಇರುತ್ತದೆ, ಬಿಟ್ಟಾಗ ಇಲ್ಲ. ಅದಿರಿನ ಯಾರ್ಡಿನಲ್ಲಿ ಒಂದು ಲೋಡರ್ ಹೀಗೇ ಟಿಪ್ಪರಿನ ಕಡೆ ಎಡಕ್ಕೆ ತಿರುಗಿದಾಗ ಮಾತ್ರ ಫಾರ್ವರ್ಡ್ ಬಿಡುತ್ತಿತ್ತು, ನೇರ ನಿಲ್ಲಿಸಿ ಅಳೆದವರಿಗೆಲ್ಲ ಎಲ್ಲವೂ ಸರಿಯಾಗಿತ್ತು. ಮೀಟರಿನ ವೈರ್ ಉದ್ದ ಮಾಡಿ ಕ್ಯಾಬಿನ್‌ಗೆ ತಂದು, ಮಿನ್-ಮ್ಯಾಕ್ಸ್ (ಅತಿ ಕಡಿಮೆ, ಅತಿ ಹೆಚ್ಚು ಅಳತೆಯನ್ನು ಹಿಡಿದಿಡುವ) ಗುಂಡಿ ಒತ್ತಿ, ಎಡಕ್ಕೂ ಬಲಕ್ಕೂ ಸ್ಟೀರಿಂಗ್ ಆಡಿಸಿದಾಗ ಸಿಕ್ಕಿತು. ಹೀಗೆ ಮಾಡುವಾಗ ಹಿಂಜಿನ ಹತ್ತಿರ ಒಬ್ಬರೂ ಇರಕೂಡದು. ಅಲ್ಲಿ ಸಿಕ್ಕಿಕೊಂಡ ಮನುಷ್ಯ ಬದುಕುವುದಿಲ್ಲ. ಬೇರೆ ಯಾವುದೇ ಕೆಲಸಕ್ಕೆ ಆ ಜಾಗಕ್ಕೆ ಇಳಿಯುವ ಮುಂಚೆ ಚಾಸಿ ತಿರುಗದಂತೆ ತಡೆಯುವ ಲಾಕ್ ಬಾರ್ ಹಾಕಿ, ಬಕೆಟ್ ನೆಲಕ್ಕೆ ಇಳಿಸಿ, ಟೈರ್ ಉರುಳದಂತೆ ಅಡ್ಡ ಕೊಡಿ.

ಇದೇ ಉಸಿರಿನಲ್ಲಿ "ಡೈರೆಕ್ಟ್" ಮಾಡುವ ಅಭ್ಯಾಸದ ಬಗ್ಗೆಯೂ ಹೇಳಿಬಿಡುತ್ತೇನೆ. ಇಂಜಿನ್ ಓಡುತ್ತಿರುವಾಗ ಸೊಲೆನಾಯ್ಡಿಗೆ ಬ್ಯಾಟರಿಯಿಂದ ನೇರ ವೈರ್ ಕೊಟ್ಟರೆ ಗಾಡಿ ಹೊರಟೇಬಿಡುತ್ತದೆ, ಕೊಟ್ಟವನು ಅದರ ಕೆಳಗೆ ಇರುತ್ತಾನೆ. ನ್ಯೂಟ್ರಲ್ ಸ್ಟಾರ್ಟ್ ಸ್ವಿಚ್ಚನ್ನು ತಿರುಚಿ ಕಟ್ಟಿ "ಓಡ್ಲಿ ಬಿಡಿ, ಬಿಲ್ ಆಗ್ಲಿ" ಅಂದವರನ್ನು ನೋಡಿದ್ದೇನೆ. ಗೇರಿನಲ್ಲಿದ್ದಾಗಲೇ ಸ್ಟಾರ್ಟ್ ಆಗುವ ಹಾಗೆ ಮಾಡಿಟ್ಟ ಇಪ್ಪತ್ತು ಟನ್ನಿನ ಯಂತ್ರ ಅದು. ಮಾಲೀಕರು ಎಷ್ಟೇ ಅವಸರ ಮಾಡಲಿ, ಇದನ್ನು ಮಾಡಿಕೊಡುವ ಎಲೆಕ್ಟ್ರಿಷಿಯನ್ನನ್ನು ನಾನು ಎಲೆಕ್ಟ್ರಿಷಿಯನ್ ಅನ್ನುವುದಿಲ್ಲ.

ಸೆನ್ಸರ್‌ಗಳ ವಿಷಯ ಬೇಗ ಮುಗಿಸುತ್ತೇನೆ. ಸ್ಪೀಡ್ ಸೆನ್ಸರ್ ಎರಡು ಬಗೆ. ಎರಡು ವೈರಿನ ಮ್ಯಾಗ್ನೆಟಿಕ್ ಪಿಕಪ್ ತಾನೇ ಎಸಿ ವೋಲ್ಟೇಜ್ ಹುಟ್ಟಿಸುತ್ತದೆ, ಗಾಡಿ ತುಂಬ ನಿಧಾನವಾದರೆ ಸಿಗ್ನಲ್ಲೂ ಸೊರಗುತ್ತದೆ. ಮೂರು ವೈರಿನ ಹಾಲ್ ಸೆನ್ಸರಿಗೆ ಸಪ್ಲೈ ಬೇಕು. ಮ್ಯಾಗ್ನೆಟಿಕ್ ಪಿಕಪ್‌ನ ಮೂತಿಗೆ ಗೇರಿನ ಕಬ್ಬಿಣದ ಪುಡಿ ಅಂಟುತ್ತದೆ, ತೆಗೆದು ಒರೆಸಿ ಗ್ಯಾಪ್ ಸರಿಯಾಗಿ ಇಟ್ಟರೆ ಎಷ್ಟೋ ಸಲ ಸಾಕು. ಪುಡಿ ವಿಪರೀತ ಇದ್ದರೆ ಅದು ಸೆನ್ಸರಿನ ಸಮಸ್ಯೆಯಲ್ಲ, ಗೇರ್‌ಬಾಕ್ಸ್ ಸವೆಯುತ್ತಿದೆ. ವೇಗ ಗೊತ್ತಾಗದಿದ್ದರೆ ಇಸಿಎಂ ಕೆಳಗಿನ ಗೇರಿಗೆ ಇಳಿಸಲು ಒಪ್ಪದೆ ಒಂದೇ ಗೇರಿನಲ್ಲಿ ನಿಂತುಬಿಡಬಹುದು.

ಇಸಿಎಂ ತೋರಿಸುವ ದೋಷದ ಕೋಡ್ ಓದುವುದರ ಬಗ್ಗೆ ಒಂದು ಮಾತು. ಜೆ1939 (ಭಾರಿ ವಾಹನಗಳ ಇಸಿಎಂಗಳು ಮಾತಾಡುವ ಭಾಷೆ) ಪದ್ಧತಿಯ ಗಾಡಿಗಳಲ್ಲಿ ಕೋಡಿನ ಕೊನೆಗೆ ಎಫ್‌ಎಂಐ ಅಂತ ದೋಷದ ಬಗೆ ಹೇಳುವ ಒಂದು ಅಂಕಿ ಬರುತ್ತದೆ. 5 ಬಂದರೆ ಕರೆಂಟ್ ಕಡಿಮೆ, ಬಹುಪಾಲು ಎಲ್ಲೋ ಕಟ್ ಆಗಿದೆ. 6 ಬಂದರೆ ಕರೆಂಟ್ ಹೆಚ್ಚು, ಅರ್ತಿಗೆ ತಗಲಿರುವ ಸಾಧ್ಯತೆ. 3 ಅಂದರೆ ವೋಲ್ಟೇಜ್ ಹೆಚ್ಚು, 4 ಅಂದರೆ ಕಡಿಮೆ. ಸೊಲೆನಾಯ್ಡ್ ಹೆಸರಿನ ಜೊತೆ 5 ಬಂತು ಅಂತ ಸೊಲೆನಾಯ್ಡ್ ಬದಲಾಯಿಸುತ್ತಾರೆ. ಕೋಡ್ ಆ ಸರ್ಕ್ಯೂಟಿನ ಬಗ್ಗೆ ಮಾತ್ರ ಹೇಳಿದೆ, ಅದರಲ್ಲಿ ಕಾಯಿಲ್, ವೈರ್, ಕಪ್ಲರ್, ಅರ್ತ್, ಇಸಿಎಂ ಎಲ್ಲವೂ ಇವೆ. ಒಂದೇ ನಮೂನೆಯ ಎರಡು ಸೊಲೆನಾಯ್ಡ್‌ಗಳಿದ್ದರೆ, ಗಾಡಿ ಕದಲದಂತೆ ಮಾಡಿ, ಇಂಜಿನ್ ಆಫ್ ಇಟ್ಟು, ಅವುಗಳ ಕಪ್ಲರ್ ಅದಲುಬದಲು ಮಾಡಿ ನೋಡಿ. ಕೋಡ್ ಇನ್ನೊಂದಕ್ಕೆ ಹಾರಿದರೆ ಕಾಯಿಲ್ ಹೋಗಿದೆ. ಅಲ್ಲೇ ಉಳಿದರೆ ವೈರಿಂಗ್ ನೋಡಿ. ಮತ್ತೆ ಮೊದಲಿನಂತೆ ಹಾಕದೆ ಇಂಜಿನ್ ಸ್ಟಾರ್ಟ್ ಮಾಡಬೇಡಿ, ಫಾರ್ವರ್ಡ್ ಹಾಕಿದರೆ ರಿವರ್ಸ್ ಹೋಗುತ್ತದೆ!

ಇಸಿಎಂಗಳು ಒಂದಕ್ಕೊಂದು ಮಾತಾಡುವುದು ಕ್ಯಾನ್ ಬಸ್ ಎಂಬ ಎರಡು ಹೆಣೆದ ವೈರ್‌ಗಳ ಮೇಲೆ. ಬಾಷ್ ಕಂಪನಿ 1986ರಲ್ಲಿ ಹೊರತಂದ ಪದ್ಧತಿ ಇದು. ಎರಡೂ ತುದಿಗಳಲ್ಲಿ 120 ಓಮಿನ ರೆಸಿಸ್ಟರ್ ಇರುತ್ತದೆ, ಹಾಗಾಗಿ ಐಸೊಲೇಟರ್ (ಬ್ಯಾಟರಿಯ ಮೇನ್ ಸ್ವಿಚ್) ಆಫ್ ಮಾಡಿ ಎರಡು ವೈರ್‌ಗಳ ನಡುವೆ ಅಳೆದರೆ 60 ಬರಬೇಕು. 120 ಬಂದರೆ ಒಂದು ರೆಸಿಸ್ಟರ್ ಇಲ್ಲ ಅಥವಾ ನಡುವೆ ಕಟ್ ಆಗಿದೆ. ಸೊನ್ನೆಯ ಹತ್ತಿರ ಬಂದರೆ ಎರಡೂ ವೈರ್ ಶಾರ್ಟ್. 40 ಬಂದರೆ ಯಾರೋ ಮೂರನೆಯದನ್ನು ಸೇರಿಸಿದ್ದಾರೆ.

ಪ್ರಶ್ನೋತ್ತರದಲ್ಲಿ ಒಬ್ಬ ವೆಲ್ಡರ್ ಎದ್ದು, ಬಕೆಟ್ ವೆಲ್ಡ್ ಮಾಡಿದರೆ ಗೇರ್‌ಬಾಕ್ಸ್ ಕಂಟ್ರೋಲ್ ಯಾಕೆ ಸುಡಬೇಕು ಅಂತ ಕೇಳಿದರು. ವೆಲ್ಡಿಂಗ್ ಕರೆಂಟ್ ಅರ್ತ್ ಕ್ಲ್ಯಾಂಪಿಗೆ ಮರಳುವಾಗ ಸಿಕ್ಕ ದಾರಿಯನ್ನೆಲ್ಲ ಹಿಡಿಯುತ್ತದೆ. ಕ್ಲ್ಯಾಂಪ್ ಹಿಂದಿನ ಚಾಸಿಯಲ್ಲಿದ್ದು ವೆಲ್ಡಿಂಗ್ ಬಕೆಟ್ಟಿನಲ್ಲಾದರೆ ನಡುವಿನ ಅರ್ತ್ ವೈರ್, ಬೇರಿಂಗ್, ಇಸಿಎಂ ಎಲ್ಲವೂ ಆ ದಾರಿಗೆ ಬೀಳಬಹುದು. ಐಸೊಲೇಟರ್ ಆಫ್ ಮಾಡಿ, ಬ್ಯಾಟರಿ ಟರ್ಮಿನಲ್ ಬಿಚ್ಚಿ, ಇಸಿಎಂ ಕಪ್ಲರ್‌ಗಳನ್ನು ಎಳೆದಿಡಿ, ಕ್ಲ್ಯಾಂಪನ್ನು ಬೆಸುಗೆಯ ಪಕ್ಕದಲ್ಲೇ ಹಾಕಿ.

ಪ್ರೆಶರ್ ವಾಷರ್ ಬಗ್ಗೆಯೂ ಪ್ರಶ್ನೆ ಬಂತು. ತೊಳೆಯಿರಿ, ಮಣ್ಣು ಕೂತರೆ ಅದೂ ಕೆಡುಕೇ. ಆದರೆ ಜೆಟ್ಟನ್ನು ಕಪ್ಲರಿನ ಮೂತಿಗೆ ನೇರ ಹಿಡಿಯಬೇಡಿ. ಕಪ್ಲರಿನ ಹಿಂದಿನ ರಬ್ಬರ್ ಸೀಲ್ ಇದೆಯಾ, ಖಾಲಿ ಪಿನ್ನಿನ ತೂತಿಗೆ ಪ್ಲಗ್ ಇದೆಯಾ ನೋಡಿ. ಆ ಪುಟ್ಟ ಪ್ಲಗ್ ಬಿದ್ದುಹೋಗಿದ್ದರೆ ಇಡೀ ಕಪ್ಲರಿಗೆ ನೀರು ಇಳಿಯುತ್ತದೆ.

ಯಾವ ಮೀಟರ್ ಕೊಳ್ಳಬೇಕು ಅಂತ ಐಟಿಐ ಹುಡುಗ ಕೇಳಿದ. ದುಬಾರಿಯದೇ ಬೇಕಿಲ್ಲ. ಮಿನ್-ಮ್ಯಾಕ್ಸ್ ಇರಲಿ, ಪ್ರೋಬ್‌ಗಳು ಚೂಪಾಗಿರಲಿ. ಕ್ಲ್ಯಾಂಪ್ ಮೀಟರ್ ಕೊಳ್ಳುವುದಾದರೆ ಡಿಸಿ ಆಂಪಿಯರ್ ಅಳೆಯುತ್ತದೆಯಾ ಅಂತ ಅಂಗಡಿಯಲ್ಲೇ ಕೇಳಿ. ಅಗ್ಗದ ಹಲವು ಕ್ಲ್ಯಾಂಪ್‌ಗಳು ಮನೆಯ ಎಸಿ ಕರೆಂಟನ್ನಷ್ಟೇ ಅಳೆಯುತ್ತವೆ, ಸೊಲೆನಾಯ್ಡ್ ವೈರಿಗೆ ಹಾಕಿದರೆ ಸೊನ್ನೆ ತೋರಿಸುತ್ತವೆ. ಆ ಸೊನ್ನೆಯನ್ನು ನಂಬಿ ಇನ್ನೊಂದು ಗೇರ್‌ಬಾಕ್ಸ್ ಬಿಚ್ಚಿಸಬೇಡ ಅಂದೆ.